ನಯವಾದ ತೋಳು

ಮೇಸ್ತ್ರಿ ರುದ್ರಮೂರ್ತಿ ಹೆಂಗಸರ ತೋಳು ನೋಡಿದ್ದು ಕೊಬ್ಬರಿ ನೋಡುವ ಹಾಗೆಯೇ. ಹೆಬ್ಬೆರಳಿನಿಂದ ಒತ್ತಿದ. ಬೆಳಕಿಗೆ ಹಿಡಿದು ತಿರುಗಿಸಿದ. ಸರಿ ಇದ್ದವರನ್ನು ಎಡಕ್ಕೆ ತಳ್ಳಿದ, ಕೆಟ್ಟವರನ್ನು ಬಲಕ್ಕೆ. ಕಡೂರು ದಾಟಿ ಸಖರಾಯಪಟ್ಟಣದ ರಸ್ತೆ ಹಿಡಿದರೆ ಸಿಗುವ ಸೋಮಶೇಖರಪ್ಪನವರ ಕೊಬ್ಬರಿ ಶೆಡ್ಡಿನಲ್ಲಿ ವರ್ಷಗಟ್ಟಲೆ ಒಣಕೊಬ್ಬರಿಯ ಗಿಟುಕು ವಿಂಗಡಿಸಿದ ಕೈ ಅದು. ಮನುಷ್ಯರನ್ನು ವಿಂಗಡಿಸಲು ಅದಕ್ಕೆ ಏನೂ ಕಷ್ಟವಾಗಲಿಲ್ಲ.

ಅವನು ನೋಡಬೇಕಾದ ಕೆಲಸವೇ ಅಲ್ಲ ಅದು. ಶೆಡ್ಡಿನಲ್ಲಿ ಕಾಯಿ ಸುಲಿಯುತ್ತಿದ್ದ ಚೌಳಹಿರಿಯೂರಿನ ಈರಣ್ಣನಿಗೆ ಟಿಬಿ ಎಂದು ಗೊತ್ತಾಗಿತ್ತು. ಅವನ ಜೊತೆ ದುಡಿಯುವವರಿಗೆಲ್ಲ ಪರೀಕ್ಷೆ ಆಗಬೇಕು ಎಂದು ಆರೋಗ್ಯ ಇಲಾಖೆಯ ಸಿಸ್ಟರ್ ಮಲ್ಲಿಕಾಂಬ ಬಂದಿದ್ದಳು. ಒಬ್ಬೊಬ್ಬರದೇ ಮುಂಗೈ ಹಿಡಿದು, ಒಳಭಾಗದ ಚರ್ಮದಡಿ ಸಣ್ಣ ಸೂಜಿ ಚುಚ್ಚಿ, ಸುತ್ತ ಪೆನ್ನಿನಲ್ಲಿ ಗುಂಡಗೆ ಗೆರೆ ಎಳೆದಿದ್ದಳು. "ಎರಡು ಮೂರು ದಿನ ಬಿಟ್ಟು ನಾನೇ ಬಂದು ನೋಡ್ತೀನಿ. ಅಲ್ಲೀವರೆಗೂ ಕೆರ್ಕೋಬೇಡಿ, ಸುಣ್ಣ ಗಿಣ್ಣ ಹಚ್ಚಬೇಡಿ. ಊದಿದ್ರೆ ಹೆದರ್ಕೋಬೇಡಿ" ಅಂತ ಹೇಳಿ ಹೋಗಿದ್ದಳು. ಮೇಸ್ತ್ರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಮಾರನೇ ದಿನವೇ ಹೆಂಗಸರನ್ನು ಸಾಲು ನಿಲ್ಲಿಸಿದ.

ಮೊದಲು ಅವನ ನಾದಿನಿಯದೇ ಸರದಿ. ಆಕೆಯ ಮುಂಗೈ ಕೆಂಪಗೆ ಊದಿಕೊಂಡಿತ್ತು. "ಇದು ಸೊಳ್ಳೆ ಕಚ್ಚಿರೋದು" ಎಂದು ಎಡಕ್ಕೆ ಕಳಿಸಿದ. ಮಟ್ಟೆ, ಚಿಪ್ಪು ಹೊತ್ತು ಹೊರಗೆ ಹಾಕುವ ಹುಲಿಗೆಮ್ಮನನ್ನು ಅವನು ಮುಟ್ಟಲಿಲ್ಲ, ದೂರದಿಂದಲೇ ತೋರಿಸು ಅಂದ. ಅವಳೂ ಎಡಕ್ಕೆ ಹೋದಳು. ಅವಳಿಲ್ಲದಿದ್ದರೆ ಮಟ್ಟೆ ಹೊರುವವರು ಯಾರು? ಆಮೇಲೆ ತರನ್ನುಮ್ ಬಂದಳು. ಚಿಕ್ಕ ಹುಡುಗಿ, ಹೋದ ವರ್ಷ ಮದುವೆಯಾದವಳು. ಅವಳ ತೋಳಿನಲ್ಲಿ ಪೆನ್ನಿನ ಗೆರೆ ಬಿಟ್ಟರೆ ಏನೂ ಇರಲಿಲ್ಲ.

"ಆ ಕಡೆ ನಿಂತ್ಕೋ" ಎಂದು ಬಲಗಡೆ ತೋರಿಸಿದ.

"ನಂದು ಊದೇ ಇಲ್ವಲ್ಲ ಅಣ್ಣ."

"ಹೇಳಿದ್ದು ಕೇಳಿಸ್ಲಿಲ್ವಾ? ನೀವು ನೀವೆಲ್ಲ ಒಂದೇ ಗಲ್ಲೀಲಿ ಇರೋರು."

ಅವಳ ಹಿಂದೆ ಹಜೀರಾಬಿ ಇದ್ದಳು. ಅವಳ ಮುಂಗೈಯಲ್ಲಿ ಹುಣಸೆ ಬೀಜದಷ್ಟು ಗಟ್ಟಿ ಗಂಟು, ಸುತ್ತ ಕೆಂಪು. ಮೇಸ್ತ್ರಿ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. "ನೋಡ್ರಪ್ಪಾ, ಕೌಟು ಹೊಡೆದಿರೋ ಮಾಲು ಇಲ್ಲೈತೆ!" ಎಂದ. ಕೆಟ್ಟು ನಾತ ಬಡಿಯುವ ಕೊಬ್ಬರಿಗೆ ಹೇಳುವ ಮಾತು ಅದು. ಕೆಲವರು ನಕ್ಕರು. ನಗದವರು ನೆಲ ನೋಡಿದರು.

ಕೊನೆಗೆ ಕರಿಬಸಮ್ಮ ಕೈ ಚಾಚಿದಳು. ಒಣಗಿದ ಕೈ. ಬಳೆ ಮೊಣಕೈವರೆಗೂ ಜಾರುತ್ತಿತ್ತು. ಮುಂಗೈ ಮಾತ್ರ ನಯ, ಒಂದು ಗುಳ್ಳೆ ಇಲ್ಲ.

"ನಮ್ಮ ಕರಿಬಸಕ್ಕನ ತೋಳು ನೋಡ್ರೇ! ಬೆಣ್ಣೆ ಕಣ್ರೇ ಬೆಣ್ಣೆ!" ಅಂದ ಮೇಸ್ತ್ರಿ. ಅವಳು ಸಾಹುಕಾರರಿಗೆ ದೂರದ ಸಂಬಂಧ. ಬಡವಿಯಾದರೂ ಲಿಂಗ ಕಟ್ಟಿದವಳು, ಅವರ ಕಡೆಯವಳು.

ಆಗಲೇ ಕರಿಬಸಮ್ಮನ ಗಂಟಲಲ್ಲಿ ಕೆರೆತ ಎದ್ದಿತು. ಸೆರಗನ್ನು ಬಾಯಿಗೆ ತುರುಕಿಕೊಂಡಳು. ಉಸಿರು ಬಿಗಿಹಿಡಿದಳು. ಕಣ್ಣಲ್ಲಿ ನೀರು ಬಂತು. ತಡೆಯಲಾಗದೆ ಕೆಮ್ಮಿಬಿಟ್ಟಳು. ಮೇಸ್ತ್ರಿ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದ. ತಿರುಗಿ ನೋಡದೆಯೇ ಕೂಗಿದ, "ಇನ್ನೂ ಕೆಮ್ತಾ ನಿಂತವ್ಳಲ್ಲ ಈ ಹಜೀರಾ! ನಡೀಯೇ ಆಚೆ!"

ಹಜೀರಾ ಕೆಮ್ಮಿರಲೇ ಇಲ್ಲ. ಅವಳು ತಲೆ ಎತ್ತಿ ಕರಿಬಸಮ್ಮನನ್ನು ನೋಡಿದಳು. ಏನೋ ಒಂದು ಮಾತಿಗೆ ಕಾಯುವ ಹಾಗೆ ನೋಡಿದಳು. ಕರಿಬಸಮ್ಮ ತನ್ನ ಕಾಲ ಹೆಬ್ಬೆರಳನ್ನು ನೋಡಿಕೊಂಡಳು.

ಆ ಶೆಡ್ಡಿನಲ್ಲಿ ಕೆಲಸ ನಡೆಯುವುದೇ ಜೋಡಿಯಲ್ಲಿ. ಅಟ್ಟದ ಮೇಲೆ ವರ್ಷ ಒಣಗಿದ ಕಾಯನ್ನು ಗಂಡಸರು ಸುಲಿದು ಮಟ್ಟೆ ತೆಗೆದು ಕೊಡುತ್ತಾರೆ. ಇಬ್ಬಿಬ್ಬರು ಹೆಂಗಸರು ಒಂದು ಗುಡ್ಡೆಯ ಎರಡು ಪಕ್ಕ ಎದುರುಬದುರಾಗಿ ಕೂತು, ಸಣ್ಣ ಮಚ್ಚಿನಲ್ಲಿ ಚಿಪ್ಪು ಒಡೆದು, ಒಳಗಿನ ಗಿಟುಕಿಗೆ ಏಟು ಬೀಳದ ಹಾಗೆ ಬಿಡಿಸಬೇಕು. ಏಟು ಬಿದ್ದರೆ ಬೈಗುಳ. ಬೆರಳಿಗೆ ಬಿದ್ದರೆ ಅದನ್ನು ಕೇಳುವವರಿಲ್ಲ. ಗಾಳಿಯಾಡಿದರೆ ನಾರಿನ ಧೂಳೆದ್ದು ಮಾಲಿನ ಬಣ್ಣ ಕೆಡುತ್ತದೆ ಎಂದು ಬಾಗಿಲು ಮುಚ್ಚಿಯೇ ಇರುತ್ತಿತ್ತು. ಕಿಟಕಿಗೆ ತಗಡು ಹೊಡೆಸಿದ್ದರು. ಆ ಬಿಸಿಯಲ್ಲಿ, ಆ ಧೂಳಿನಲ್ಲಿ, ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಂಡು ಸಾಯಂಕಾಲದವರೆಗೂ ಕೂರಬೇಕು.

ಕರಿಬಸಮ್ಮನೂ ಹಜೀರಾಬಿಯೂ ಜೋಡಿ. ಕರಿಬಸಮ್ಮನ ಮಗಳು ಅಶ್ವಿನಿ ಅಂಗನವಾಡಿಗೆ ಹೋಗುತ್ತಿದ್ದ ಕಾಲದಿಂದ ಜೋಡಿ. ಗಂಡ ಸತ್ತ ವರ್ಷ ಕರಿಬಸಮ್ಮ ಕೂತಲ್ಲೇ ಅಳುತ್ತಿದ್ದರೆ, ಅವಳ ಪಾಲಿನ ಕಾಯನ್ನೂ ಬಿಡಿಸಿ ಗುಡ್ಡೆಗೆ ಹಾಕಿದವಳು ಹಜೀರಾ. ಅಶ್ವಿನಿಗೆ ಜ್ವರ ಬಂದರೆ ಮೊದಲು ಓಡಿ ಬರುತ್ತಿದ್ದವಳೂ ಅವಳೇ. ಆ ಹುಡುಗಿ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದಳು.

ಕೆಮ್ಮು ಶುರುವಾಗಿದ್ದು ಯಾವಾಗ ಎಂದು ಕರಿಬಸಮ್ಮನಿಗೂ ಸರಿಯಾಗಿ ನೆನಪಿಲ್ಲ. ಮೊದಲು ಧೂಳು ಅಂದುಕೊಂಡಳು. ಆಮೇಲೆ ಸಂಜೆ ಸಂಜೆ ಮೈ ಬಿಸಿಯಾಗತೊಡಗಿತು, ರವಿಕೆ ಸಡಿಲವಾಯಿತು. ಒಂದು ದಿನ ಕೆಮ್ಮು ನಿಲ್ಲಲೇ ಇಲ್ಲ. ಮೇಸ್ತ್ರಿ ಆ ತುದಿಯಿಂದ ಗದರಿದ, "ಯಾರೇ ಅದು? ಕ್ಷಯರೋಗದೋಳ ತರ ಕೆಮ್ತಿರೋದು?"

ಕರಿಬಸಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಶ್ವಿನಿಗೆ ಶಿವನಿಯಿಂದ ಸಂಬಂಧ ಬಂದಿತ್ತು. ಹುಡುಗನಿಗೆ ಸ್ಟೇಷನ್ ಹತ್ತಿರ ಗೊಬ್ಬರದ ಅಂಗಡಿ. ಸಂಬಂಧ ಕೂಡಿಸಿದ್ದು ಸಾಹುಕಾರರ ಹೆಂಡತಿ, ಆಕೆಯ ತವರೇ ಶಿವನಿ. ಇಲ್ಲಿ ಆಡಿದ ಮಾತು ಸಂಜೆಗೆ ಅಲ್ಲಿಗೆ ತಲುಪುತ್ತದೆ. ತಾಯಿಗೆ ಕ್ಷಯ ಎಂದರೆ ಮಗಳನ್ನು ಯಾರು ತಂದುಕೊಳ್ಳುತ್ತಾರೆ?

ಎದುರಿಗಿದ್ದ ಹಜೀರಾ ಅವಳ ಮುಖ ನೋಡಿದಳು. ನೋಡಿದವಳೇ ಗಟ್ಟಿಯಾಗಿ ಹೇಳಿದಳು, "ನಾನೇ ಅಣ್ಣ! ನಾರು ಗಂಟ್ಲಿಗೆ ಹೋಗ್ಬಿಡ್ತು!"

ಆಮೇಲೆ ಮೆಲ್ಲಗೆ, "ಏನಾಗಲ್ಲ ಸುಮ್ನಿರಕ್ಕ. ಮದ್ವೆ ಒಂದು ಆಗ್ಲಿ, ಆಮೇಲೆ ಆಸ್ಪತ್ರೆಗೆ ಕರ್ಕೊಂಡ್ ಹೋಗ್ತೀನಿ" ಎಂದು ನಕ್ಕಳು.

ಅವತ್ತಿನಿಂದ ಅದೇ ರೂಢಿಯಾಯಿತು. ಕರಿಬಸಮ್ಮ ಕೆಮ್ಮುವುದು, ಹಜೀರಾ ಒಪ್ಪಿಕೊಳ್ಳುವುದು. ಮೇಸ್ತ್ರಿ ಬೈದರೆ ಹಜೀರಾ ಬೈಸಿಕೊಳ್ಳುವುದು. ಕೊನೆಗೆ ಅವನು ಅವಳನ್ನು ಕೆಮ್ಮೋ ಹಜೀರಾ ಅಂತಲೇ ಕರೆಯತೊಡಗಿದ. ಇಬ್ಬರೂ ಅದಕ್ಕೆ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದರು. ಥೂ, ಆ ನಗೆಗೆ ಬೆಂಕಿ ಬೀಳ!

ಯಾಕೆಂದರೆ ಈಗ ಹಜೀರಾಳ ತೋಳೂ ಊದಿತ್ತು. ಕೆಮ್ಮುವವಳದೇ ತೋಳು ಊದಿದೆ ಎಂದ ಮೇಲೆ ಇನ್ನೇನು ಸಾಕ್ಷಿ ಬೇಕು? ಮಧ್ಯಾಹ್ನದ ಹೊತ್ತಿಗೆ ಹಜೀರಾಬಿಯನ್ನೂ ತರನ್ನುಮಳನ್ನೂ ಗೇಟಿನಾಚೆ ಹಾಕಿ ಆಗಿತ್ತು. ಹಜೀರಾ ಕೂರುತ್ತಿದ್ದ ಗೋಣಿಚೀಲವನ್ನು ಮೇಸ್ತ್ರಿ ಕೋಲಿನಿಂದ ಎತ್ತಿ ಅಂಗಳದಲ್ಲಿ ಸುಟ್ಟ. ಅವಳ ನೀರಿನ ಲೋಟ ತಿಪ್ಪೆಗೆ ಹೋಯಿತು. ಸಾಹುಕಾರರ ಮನೆಯಿಂದ ಒಂದು ಚೊಂಬು ಗೋಮೂತ್ರ ಬಂತು.

"ತೋಳು ನಯವಾಗಿರೋಳು ನೀನು. ಆ ಜಾಗಕ್ಕೆ ನೀನೇ ಹಾಕವ್ವ" ಎಂದು ಮೇಸ್ತ್ರಿ ಚೊಂಬನ್ನು ಕರಿಬಸಮ್ಮನ ಕೈಗೆ ಕೊಟ್ಟ.

ಅವಳು ಹಾಕಿದಳು. ಯಾರೂ ಅವಳ ಕೈ ಹಿಡಿದು ಹಾಕಿಸಲಿಲ್ಲ. ಇಷ್ಟು ವರ್ಷ ಎದುರಿಗೆ ಕೂತವಳ ಜಾಗದ ಮೇಲೆ ತನ್ನ ಕೈಯಾರೆ ಗೋಮೂತ್ರ ಚಿಮುಕಿಸಿದಳು. ರೋಗದವಳು ಚೊಂಬು ಹಿಡಿದು ರೋಗವಿಲ್ಲದವಳ ಜಾಗವನ್ನು ಶುದ್ಧ ಮಾಡಿದಳು. ಹೊರಗೆ ಗೇಟಿನ ಕಂಬಿಯ ಹಿಂದೆ ಹಜೀರಾ ನಿಂತೇ ಇದ್ದಳು. ಮಚ್ಚು ಸ್ವಂತದ್ದು, ಅದನ್ನಾದರೂ ಕೊಡಿ ಎಂದು ಕೇಳಲು ನಿಂತಿದ್ದಳು. ಎಲ್ಲವನ್ನೂ ನೋಡಿದಳು.

ಹೇಳಿದ ದಿನವೇ ಸಿಸ್ಟರ್ ಮಲ್ಲಿಕಾಂಬ ಬಂದಳು. ಒಬ್ಬೊಬ್ಬರ ಕೈಯನ್ನೂ ಬೆಳಕಿಗೆ ಹಿಡಿದಳು. ಕೆಂಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಟ್ಟಿಯಾಗಿ ಊದಿದ್ದು ಎಲ್ಲಿಂದ ಎಲ್ಲಿಗೆ ಎಂದು ಬೆರಳಲ್ಲಿ ಸವರಿ ಹುಡುಕಿ, ಪುಟ್ಟ ಅಳತೆಪಟ್ಟಿ ಇಟ್ಟು ನೋಡಿದಳು. ಮೇಸ್ತ್ರಿಯ ನಾದಿನಿಯ ಕೈ ನೋಡಿ, "ಇದು ಪಾಸಿಟಿವ್" ಎಂದಳು.

"ಸೊಳ್ಳೆ ಕಚ್ಚಿರೋದು ಮೇಡಂ" ಅಂದ ಮೇಸ್ತ್ರಿ.

"ನಾನು ಚುಚ್ಚಿದ ಜಾಗಕ್ಕೇ ಹುಡುಕ್ಕೊಂಡು ಬಂದು ಕಚ್ತಾ ಸೊಳ್ಳೆ?" ಎಂದು ಸಿಸ್ಟರ್ ಸಿಡುಕಿದಳು. "ಹಜೀರಾಬಿ ಅಂತ ಇದ್ರಲ್ಲ, ಎಲ್ಲಿ ಅವ್ರು?"

ಆಚೆ ಹಾಕಿದ ಸಂಗತಿ ತಿಳಿದು ಅವಳಿಗೆ ಸಿಟ್ಟು ನೆತ್ತಿಗೇರಿತು. ಹೆಂಗಸರನ್ನೆಲ್ಲ ಸುತ್ತ ಕೂರಿಸಿಕೊಂಡು ಹೇಳಿದಳು. ತೋಳು ಊದಿದರೆ ಟಿಬಿ ಕ್ರಿಮಿ ಯಾವತ್ತೋ ಮೈ ಸೇರಿದೆ ಎಂದಷ್ಟೇ ಅರ್ಥ. ಅದು ಒಳಗೆ ಮಲಗಿರುತ್ತೆ. ಅದು ಕಾಯಿಲೆ ಅಲ್ಲ. ಅಂಥವರಿಂದ ಇನ್ನೊಬ್ಬರಿಗೆ ಹರಡಲ್ಲ. ಎದೆಯ ಎಕ್ಸ್‌ರೇ ತೆಗೆಸಿ, ಏನೂ ಇಲ್ಲದಿದ್ದರೆ ಕ್ರಿಮಿ ಏಳದ ಹಾಗೆ ಮಾತ್ರೆ ಕೊಡ್ತೀವಿ. ಅವರು ಕೆಲಸ ಮಾಡಬಹುದು, ಊಟ ಮಾಡಬಹುದು, ಮಕ್ಕಳನ್ನು ಎತ್ತಿಕೊಳ್ಳಬಹುದು. "ಲೋಟದಿಂದ ಬರಲ್ಲ, ಎಂಜಲಿಂದ ಬರಲ್ಲ. ಕಾಯಿಲೆ ಇರೋರು ಕೆಮ್ಮಿದಾಗ ಗಾಳೀಲಿ ಬರುತ್ತೆ. ನೀವು ಲೋಟ ಬಿಸಾಕಿ ಬಾಗಿಲು ಮುಚ್ಕೊಂಡಿದ್ದೀರಲ್ಲ, ಏನ್ ಹೇಳೋದು ನಿಮಗೆ!"

"ಹಂಗಾದ್ರೆ ಊದದೇ ಇರೋರಿಗೆ ಏನೂ ಇಲ್ಲ ಅಂತ ತಾನೆ?" ಮೇಸ್ತ್ರಿಯ ನಾದಿನಿ ಕೇಳಿದಳು.

"ಹಂಗೂ ಹೇಳಕ್ಕಾಗಲ್ಲ. ಮೈಲಿ ಶಕ್ತೀನೇ ಇಲ್ದಿದ್ರೆ, ಕಾಯಿಲೆ ಜೋರಾಗಿದ್ರೆ, ತೋಳು ಏಳೋದೇ ಇಲ್ಲ. ತೋಳು ನಯವಾಗೇ ಇರುತ್ತೆ, ಒಳಗೆ ಶ್ವಾಸಕೋಶ ಹೋಗ್ತಿರುತ್ತೆ. ಅದಕ್ಕೇ ಕೇಳೋದು ನಾನು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಯಾರಿಗಿದೆ? ಸಂಜೆ ಜ್ವರ? ತೂಕ ಇಳಿದಿರೋದು?"

ಕರಿಬಸಮ್ಮ ಸೆರಗಿನೊಳಗೆ ತನ್ನ ಮುಂಗೈ ಬಚ್ಚಿಟ್ಟುಕೊಂಡಳು. ಬೆಣ್ಣೆ ಅನ್ನಿಸಿಕೊಂಡ ಆ ತೋಳು ಈಗ ಹಾವಿನ ಹಾಗೆ ತಣ್ಣಗೆ ಅನ್ನಿಸಿತು. ಹೇಳು, ಈಗ ಹೇಳು ಎಂದು ಒಳಗಿನಿಂದ ಯಾರೋ ತಿವಿದರು. ಶಿವನಿಯವರು ಬರುವ ಸೋಮವಾರ ಎಲೆ ಅಡಿಕೆ ಬದಲಾಯಿಸಲು ಬರುವವರಿದ್ದರು. ತುಟಿ ಪಿಟಕ್ಕೆನ್ನಲಿಲ್ಲ ಅವಳು.

"ಕೆಮ್ತಿದ್ದೋಳು ಹಜೀರಾ ಒಬ್ಳೇ" ಎಂದು ಯಾರೋ ಅಂದರು. ಉಳಿದವರು ಹೂಂಗುಟ್ಟಿದರು.

ಹಜೀರಾಬಿಯ ಎಕ್ಸ್‌ರೇ ಆಯಿತು. ಕಫದ ಪರೀಕ್ಷೆ ಆಯಿತು. ಎರಡರಲ್ಲೂ ಏನೂ ಇರಲಿಲ್ಲ. ಕೆಲಸಕ್ಕೆ ಬರಬಹುದು ಎಂದು ಡಾಕ್ಟರು ಬರೆದ ಚೀಟಿ ಹಿಡಿದು ಅವಳು ಗೇಟಿಗೆ ಬಂದಳು. ಮೇಸ್ತ್ರಿ ಚೀಟಿಯನ್ನು ಕೈಯಿಂದ ಮುಟ್ಟಲಿಲ್ಲ.

"ಚೀಟಿ ಯಾರು ಬೇಕಾದ್ರೂ ಬರೀತಾರೆ. ನಾನು ಕಣ್ಣಾರೆ ನೋಡಿದ್ದೀನಿ ನಿನ್ ತೋಳು."

"ನಿಮ್ಮ ನಾದಿನೀದೂ ಊದಿತ್ತಲ್ಲ ಅಣ್ಣ? ಅವ್ರು ಒಳಗವ್ರೆ. ನಾನ್ಯಾಕೆ ಹೊರಗೆ?"

"ಬಾಯಿ ಜಾಸ್ತಿ ಆಯ್ತು ನಿಂದು" ಎಂದು ಮೇಸ್ತ್ರಿ ಗೇಟು ಎಳೆದ. ಒಳಗೆ ಗುಡ್ಡೆಯ ಹಿಂದೆ ಕೂತ ಕರಿಬಸಮ್ಮನಿಗೆ ಪ್ರತಿ ಮಾತೂ ಕೇಳಿಸಿತು. ಮಚ್ಚು ಜೋರಾಗಿ ಆಡಿಸಿದಳು. ಗಿಟುಕಿಗೆ ಏಟು ಬಿತ್ತು.

ಒಂದು ಶೆಡ್ಡಿನಲ್ಲಿ ಬೇಡವಾದವಳು ಇನ್ನೊಂದರಲ್ಲಿ ಬೇಕಾಗುತ್ತಾಳೆಯೇ? ಸುದ್ದಿ ಅವಳಿಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರುತ್ತಿತ್ತು. ಅವಳು ಬೆಳಿಗ್ಗೆ ಬಸ್ಸು ಹತ್ತಿ ಅಜ್ಜಂಪುರದ ಕಡೆ ಈರುಳ್ಳಿ ಕೀಳಲು ಹೋಗತೊಡಗಿದಳು. ಅಲ್ಲಿ ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಬಗ್ಗಿದ ಸೊಂಟ ಸಂಜೆಗೂ ನೆಟ್ಟಗಾಗುತ್ತಿರಲಿಲ್ಲ. ಗಲ್ಲಿಯ ನಲ್ಲಿಯಲ್ಲಿ ಅವಳ ಕೊಡ ಕೊನೆಗೆ ಸರಿಯಿತು. ತರನ್ನುಮಳನ್ನು ಅವಳ ಅತ್ತೆ ಬೀದಿಯಲ್ಲೇ ನಿಲ್ಲಿಸಿಕೊಂಡು, ಏನು ಮುಚ್ಚಿಟ್ಟು ಮದುವೆ ಮಾಡಿಕೊಟ್ಟರು ನಿಮ್ಮಪ್ಪ ಅಮ್ಮ ಎಂದು ಕೇಳಿದಳು. ಆ ಹುಡುಗಿಯ ತೋಳಿನಲ್ಲಿ ಒಂದು ಗುಳ್ಳೆ ಕೂಡ ಇರಲಿಲ್ಲ.

ಇಷ್ಟೆಲ್ಲ ಆದರೂ ಹಜೀರಾ ಬಾಯಿ ಬಿಡಲಿಲ್ಲ. ಕೆಮ್ಮು ಯಾರದೆಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಅದೇ ಕರಿಬಸಮ್ಮನನ್ನು ಕೊಂದದ್ದು. ಬೈದಿದ್ದರೆ, ಬಂದು ಜುಟ್ಟು ಹಿಡಿದು ಎಳೆದಿದ್ದರೆ ಇವಳಿಗೂ ಮರಳಿ ಬೈಯಲು ಒಂದು ನೆವ ಸಿಗುತ್ತಿತ್ತು. ಶಿವನಿಯವರು ಬಂದರು, ಎಲೆ ಅಡಿಕೆ ಬದಲಾಯಿತು, ಸಾಹುಕಾರರ ಹೆಂಡತಿ ಮುಂದೆ ನಿಂತು ಎಲ್ಲ ನಡೆಸಿದರು. ಕರಿಬಸಮ್ಮ ಒಬ್ಬಟ್ಟು ಬಡಿಸುವಾಗ ಎರಡು ಸಲ ಹಿತ್ತಿಲಿಗೆ ಓಡಿದಳು. ತೆಂಗಿನ ಕರಟದಲ್ಲಿ ಕಫ ಉಗುಳಿ, ಬೂದಿ ಮುಚ್ಚಿ, ಗುಂಡಿಗೆ ಹಾಕಿ ಮತ್ತೆ ಬಂದು ನಗುತ್ತಾ ಬಡಿಸಿದಳು.

ಒಂದು ಬೆಳಿಗ್ಗೆ ಕರಟದಲ್ಲಿ ರಕ್ತ ಇತ್ತು.

ಅಶ್ವಿನಿ ಹಿಂದೆಯೇ ನಿಂತಿದ್ದಳು. ಬಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. ಕರಿಬಸಮ್ಮ ಹಿತ್ತಿಲ ಕಲ್ಲಿನ ಮೇಲೆ ಕೂತು ಮಗಳಿಗೆ ಎಲ್ಲವನ್ನೂ ಹೇಳಿದಳು. ಚೊಂಬು ಹಿಡಿದದ್ದನ್ನೂ ಹೇಳಿದಳು. ಅಶ್ವಿನಿಯ ಮುಖ ಕಪ್ಪಿಟ್ಟಿತು.

"ಚಿಕ್ಕಮ್ಮನ್ನ ಆಚೆ ಹಾಕಿದ್ದು ನಂಗೋಸ್ಕರ ಅಂತೀಯಾ? ನನ್ನ ಕೇಳಿದ್ಯಾ ನೀನು?" ಎಂದಳು. "ನನ್ ಹೆಸರು ಹೇಳ್ಬೇಡಮ್ಮ. ನಿಂಗೆ ಭಯ ಇತ್ತು, ನೀನು ಸುಮ್ನಿದ್ದೆ. ಅಷ್ಟೇ."

ಮಗಳೇ ಅವಳನ್ನು ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಎಕ್ಸ್‌ರೇಯಲ್ಲಿ ಬಲಗಡೆಯ ಮೇಲ್ಭಾಗ ಪೂರಾ ಬೆಳ್ಳಗೆ ಕಂಡಿತು. ಕಫದಲ್ಲಿ ಕ್ರಿಮಿ ಸಿಕ್ಕಿತು. ಸಿಸ್ಟರ್ ಮಲ್ಲಿಕಾಂಬ ಮಾತ್ರೆಯ ಪಟ್ಟಿ ಕೈಗಿಡುತ್ತಾ ಅವಳ ಮುಖವನ್ನೇ ನೋಡಿದಳು.

"ಅವತ್ತು ಅಷ್ಟು ಬಡ್ಕೊಂಡು ಕೇಳಿದ್ನಲ್ಲಮ್ಮ. ಎದುರಿಗೇ ಕೂತಿದ್ರಿ ನೀವು."

ಕರಿಬಸಮ್ಮ ಮಾತ್ರೆಯ ಪಟ್ಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಹಜೀರಾಗೆ ಬಂದಿದ್ದು ನನ್ನಿಂದ್ಲೇನಾ ಮೇಡಂ?" ಎಂದು ಕೇಳಿದಳು.

"ಈರಣ್ಣನಿಂದ್ಲೂ ಇರಬಹುದು, ನಿಮ್ಮಿಂದ್ಲೂ ಇರಬಹುದು. ಎದುರುಬದುರು ಕೂತ್ಕೋತಿದ್ರಿ ಅಂದ್ರೆ..." ಸಿಸ್ಟರ್ ಕಾರ್ಡಿನಲ್ಲಿ ಅವಳ ಹೆಸರು ಬರೆದಳು. "ಅವ್ರು ಮಾತ್ರೆ ತಗೋತಿದ್ದಾರೆ. ಅವ್ರಿಗೇನೂ ಆಗಲ್ಲ. ನೀವೂ ಬಿಡದೆ ತಗೊಳ್ಳಿ, ವಾಸಿ ಆಗುತ್ತೆ."

ಅವತ್ತು ಸಂಜೆಯೇ ಕರಿಬಸಮ್ಮ ಸಿಸ್ಟರ್ ಕೊಟ್ಟ ಮಾಸ್ಕು ಕಟ್ಟಿಕೊಂಡು ಹಜೀರಾಬಿಯ ಮನೆಗೆ ಹೋದಳು. ಹಜೀರಾ ಆಗಷ್ಟೇ ಹೊಲದಿಂದ ಬಂದು ಹೊಸ್ತಿಲಲ್ಲಿ ಕೂತು ಉಗುರಿನ ಸಂದಿಯ ಮಣ್ಣು ತೆಗೆಯುತ್ತಿದ್ದಳು. ಕರಿಬಸಮ್ಮ ಬೀದಿಯಲ್ಲೇ ನಿಂತಳು. ಕೈ ಮುಗಿದಳು. ಅಳು ಬಂತು.

"ತಪ್ಪಾಯ್ತು ಕಣೇ ಹಜೀರಾ. ನಾನು ಪಾಪಿ. ನಂಗೆ ಗೊತ್ತಾಗೈತೆ, ನಂದೇ ಕಾಯಿಲೆ. ನಿನ್ ಕಾಲಿಗೆ ಬೀಳ್ತೀನಿ."

ಹಜೀರಾ ತಲೆ ಎತ್ತಲಿಲ್ಲ. "ಮಾತ್ರೆ ಕೊಟ್ರಾ?"

"ಹೂಂ."

"ಊಟ ಮಾಡಿ ತಗೋ. ಖಾಲಿ ಹೊಟ್ಟೇಲಿ ತಗಂಡ್ರೆ ವಾಂತಿ ಬರ್ತದೆ ಅಂತ ಈರಣ್ಣನ ಹೆಂಡ್ತಿ ಅಂತಿದ್ಳು."

"ಬಯ್ಯೇ ನನ್ನ. ಒಂದ್ ಮಾತಾದ್ರೂ ಬಯ್ಯಿ."

ಈಗ ಹಜೀರಾ ಎದ್ದು ನಿಂತಳು. ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದಳು. "ಬಯ್ಸಿಕೊಂಡು ಹಗುರ ಆಗಕ್ಕೆ ಬಂದ್ಯಾ? ನನ್ನ ಮುಂದೆ ಯಾಕೆ ಹೇಳ್ತೀಯಕ್ಕಾ? ನಂಗೆ ಗೊತ್ತಿಲ್ದೇ ಇರೋದು ಇದ್ರಲ್ಲಿ ಏನೈತೆ? ನಿನ್ ಕೆಮ್ಮನ್ನ ನಂದು ಅಂತ ನಾನು ಹೇಳಿದ್ದೆಲ್ಲಿ? ನನ್ ಮನೆ ಬಾಗಿಲಲ್ಲಾ? ಶೆಡ್ಡಲ್ಲಿ, ಎಲ್ರೂ ಕೇಳೋ ಹಂಗೆ ಕೂಗಿ ಹೇಳಿದ್ದೆ. ನೀನೂ ಅಲ್ಲೇ ಹೋಗಿ ಹೇಳು. ಆಮೇಲೆ ಬಾ, ಬಯ್ತೀನಿ."

ಮಾರನೇ ದಿನ ಊಟದ ಹೊತ್ತಿಗೆ ಕರಿಬಸಮ್ಮ ಶೆಡ್ಡಿನ ಗೇಟು ತಳ್ಳಿಕೊಂಡು ಹೋದಳು. ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತಳು. ಹೆಂಗಸರು ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಸಾಹುಕಾರ ಸೋಮಶೇಖರಪ್ಪನವರು ತೂಕದ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಿದ್ದರು, ಪಕ್ಕದಲ್ಲಿ ಮೇಸ್ತ್ರಿ.

"ಹಜೀರಾ ಕೆಮ್ತಿರ್ಲಿಲ್ಲ" ಎಂದಳು ಕರಿಬಸಮ್ಮ. ಮೊದಲು ದನಿ ಹೊರಡಲಿಲ್ಲ. ಮತ್ತೆ ಹೇಳಿದಳು, ಗಟ್ಟಿಯಾಗಿ. "ಕೆಮ್ತಿದ್ದೋಳು ನಾನು. ನಂಗೆ ಟಿಬಿ ಐತೆ. ಕಫದಲ್ಲಿ ಸಿಕ್ಕೈತೆ. ನನ್ ಮಗಳ ಸಂಬಂಧ ತಪ್ಪೋಗ್ತದೆ ಅಂತ ಅವಳು ನನ್ ಕೆಮ್ಮನ್ನ ತನ್ ತಲೆ ಮೇಲೆ ಹಾಕ್ಕಂಡ್ಳು. ನಾನು ಬಾಯಿ ಮುಚ್ಕಂಡಿದ್ದೆ."

ಕೈಯ ತುತ್ತುಗಳು ಬಾಯಿಗೆ ಹೋಗದೆ ನಿಂತವು. ಸಾಹುಕಾರರು ಜೇಬಿನಿಂದ ಕರ್ಚೀಫು ತೆಗೆದರು. ಆಮೇಲೆ ಅವರ ಮುಖದ ತುಂಬ ಕನಿಕರ ಬಂತು.

"ಅಯ್ಯೋ ಪಾಪ! ನೋಡಿದ್ರೇನ್ರಮ್ಮಾ? ಆ ಸಾಬ್ರೋಳ ಎದ್ರುಗಡೆ ಕೂತೂ ಕೂತೂ ನಮ್ಮ ಹೆಣ್ಮಗಳಿಗೆ ಅಂಟಿಸ್ಬಿಟ್ಳು. ಅದಕ್ಕೇ ಅವತ್ತೇ ಆಚೆ ಹಾಕ್ಸಿದ್ದು ನಾನು." ಕರ್ಚೀಫಿನಿಂದ ಮೂಗು ಮುಚ್ಚಿಕೊಂಡೇ ಮುಂದುವರಿಸಿದರು. "ಕರಿಬಸಮ್ಮಾ, ನೀನು ಮನೇಲಿದ್ದು ಮಾತ್ರೆ ತಗೋ. ವಾಸಿ ಆದ್ಮೇಲೆ ಬಾ. ನಿನ್ ಜಾಗ ಎಲ್ಲೂ ಹೋಗಲ್ಲ."

ಹೆಂಗಸರು ಲೊಚಗುಟ್ಟಿದರು. ಪಾಪ, ಪಾಪ ಅಂದರು. ಕರಿಬಸಮ್ಮ ದಂಗಾಗಿ ನಿಂತಳು. ಇಷ್ಟು ದಿನ ನುಂಗಿಕೊಂಡಿದ್ದನ್ನು ಹೊರಗೆ ಹಾಕಿದ್ದಳು. ಅದನ್ನೂ ಎತ್ತಿಕೊಂಡು ಇವರು ಹಜೀರಾಳ ತಲೆಗೇ ಕಟ್ಟಿದ್ದರು. ಅವಳಿಗೆ ಮೈಯೆಲ್ಲ ಉರಿದು ಹೋಯಿತು.

"ನನ್ ಎದೆ ಕೊಳೆತೈತೆ ಸಾವ್ಕಾರ್ರೇ. ಅವಳ ಎದೆ ಸ್ವಚ್ಛ ಐತೆ. ಇಲ್ದೇ ಇರೋಳಿಂದ ಇರೋಳಿಗೆ ಹೆಂಗ್ ಬರ್ತದೆ? ಕಾಯಿಲೆ ಇರೋ ನಂಗೆ ಜಾಗ ಹಿಡ್ಕಂಡ್ ಕಾಯ್ತೀರಿ. ಕಾಯಿಲೇನೇ ಇಲ್ದಿರೋ ಹಜೀರಾಗೆ ಜಾಗ ಇಲ್ಲ. ತರನ್ನುಮ್ ಏನ್ ಮಾಡಿದ್ಳು? ಅವಳ ತೋಳಲ್ಲಿ ಏನಿತ್ತು?"

"ಜ್ವರ ನೆತ್ತಿಗೇರೈತೆ ಈಯಮ್ಮಂಗೆ" ಎಂದ ಮೇಸ್ತ್ರಿ. "ನಡೀರಿ, ಮನೆಗೆ ಹೋಗಿ ಮಲಿಕ್ಕೊಳ್ಳಿ."

ಕರಿಬಸಮ್ಮ ಹೆಂಗಸರ ಕಡೆ ತಿರುಗಿದಳು. "ನೀವಾದ್ರೂ ಹೇಳ್ರೇ. ಯಾರು ಕೆಮ್ತಿದ್ದಿದ್ದು ಅಂತ ನಿಮಗೆ ಗೊತ್ತಿರ್ಲಿಲ್ಲ, ಸರಿ. ಈಗ ಗೊತ್ತಾಯ್ತಲ್ಲ. ಈಗಾದ್ರೂ ಹೇಳ್ರೇ."

ಮೇಸ್ತ್ರಿಯ ನಾದಿನಿ ಬುತ್ತಿ ಕಟ್ಟಿದಳು. ಆ ಮೂಲೆಯಲ್ಲಿ ಎಲ್ಲರಿಂದ ದೂರ ಕೂತು ಉಣ್ಣುತ್ತಿದ್ದ ಹುಲಿಗೆಮ್ಮ ತಟ್ಟೆ ಕೆಳಗಿಟ್ಟು ಎದ್ದು ಬಂದಳು.

"ಗೊತ್ತಿರ್ಲಿಲ್ಲ ಅಂತ ಯಾರಂದ್ರು ಕಣವ್ವ?" ಎಂದಳು. "ನಿನ್ ಕೆಮ್ಮು ಅಂತ ಎಲ್ರಿಗೂ ಗೊತ್ತಿತ್ತು. ನಾನು ಹೊರಗಡೆ ಮಟ್ಟೆ ಹೊರೋಳು, ನಂಗೇ ಗುರ್ತು ಸಿಗ್ತಿತ್ತು. ಪಕ್ಕದಲ್ಲಿ ಕೂತಿರೋ ಇವ್ರಿಗೆ ಸಿಗಾಕಿಲ್ವಾ? ಮೇಸ್ತ್ರಿಗೂ ಗೊತ್ತಿತ್ತು. ಸಾವ್ಕಾರ್ರಿಗೂ ಗೊತ್ತಿತ್ತು. ಅವ್ರಿಗೆ ಬೇಕಾಗಿದ್ದು ಕೆಮ್ಮೋಳಲ್ಲ ಕಣವ್ವ. ನೀನು ಹೇಳ್ತೀಯೇನೋ ಅಂತ ನಾವು ಕಾದ್ವಿ. ನೀನು ಹೇಳ್ಲಿಲ್ಲ, ನಾವೂ ಹೇಳ್ಲಿಲ್ಲ."

ಸುಳ್ಳು ಎಂದು ಯಾರಾದರೂ ಹೇಳುತ್ತಾರೇನೋ ಎಂದು ಕರಿಬಸಮ್ಮ ಸುತ್ತ ನೋಡಿದಳು. ಮೇಸ್ತ್ರಿ ಹೇಳಲಿಲ್ಲ. ಸಾಹುಕಾರರು ಫೋನು ತೆಗೆದು ಅದರಲ್ಲಿ ಏನೋ ಹುಡುಕತೊಡಗಿದರು. ಹೆಂಗಸರಲ್ಲಿ ಒಬ್ಬಳೂ ತಲೆ ಎತ್ತಲಿಲ್ಲ. ಶೆಡ್ಡಿಗೆಲ್ಲ ಗೊತ್ತಿದ್ದ ಗುಟ್ಟನ್ನು ಕಾಯಲು ತಾನು ಹಜೀರಾಳನ್ನು ಮಾರಿದ್ದೆ ಎಂದು ಅವಳಿಗೆ ಆಗ ತಿಳಿಯಿತು. ಅವತ್ತು ಬಾಯಿ ತೆರೆದಿದ್ದರೆ ಈ ಬಾಯಿಗಳೂ ತೆರೆಯುತ್ತಿದ್ದವೇನೋ. ಅವಳಿಗೆ ಕೂಗಿ ಅಳಬೇಕೆನ್ನಿಸಿತು. ಅಳಲಿಲ್ಲ.

"ಹುಲಿಗೆಮ್ಮ, ನಿಂದೂ ಲೆಕ್ಕ ಮುಗೀತು. ಇಬ್ರೂ ಆಚೆ ನಡೀರಿ!" ಮೇಸ್ತ್ರಿ ಕಿರುಚಿದ.

"ನಡೀತೀನಿ ಬಿಡಪ್ಪ. ಮಟ್ಟೆ ನೀನೇ ಹೊರು" ಎಂದು ಹುಲಿಗೆಮ್ಮ ಹೊರೆಯಡಿ ತಲೆಗಿಡುವ ಬಟ್ಟೆಯ ಸಿಂಬಿಯನ್ನು ಅವನ ಕಾಲ ಬಳಿ ಎಸೆದಳು.

ಹಿಂದೆ ಗೇಟು ದಢಾರನೆ ಮುಚ್ಚಿತು. ಕರಿಬಸಮ್ಮ ಮನೆಗೆ ಹೋಗಲಿಲ್ಲ. ಗೇಟಿಗೆ ಬೆನ್ನು ಕೊಟ್ಟು ರಸ್ತೆಗೆ ಮುಖ ಮಾಡಿ ನೆಲದ ಮೇಲೆ ಕೂತಳು. ಹಜೀರಾಬಿಯನ್ನೂ ತರನ್ನುಮಳನ್ನೂ ಇವರೇ ಹೋಗಿ ಕರೆಯುವವರೆಗೂ ನಾಳೆಯೂ ಬರುತ್ತೇನೆ, ನಾಡಿದ್ದೂ ಬರುತ್ತೇನೆ ಎಂದು ಹುಲಿಗೆಮ್ಮನಿಗೆ ಹೇಳಿದಳು. ಆಮೇಲೆ ಮಾಸ್ಕು ಸರಿಮಾಡಿಕೊಂಡು, ಎದೆಯಲ್ಲಿ ಇದ್ದಷ್ಟು ಉಸಿರು ಸೇರಿಸಿ ಕೂಗಿದಳು.

"ಹಜೀರಾಬಿ ಕೆಮ್ಮಲಿಲ್ಲ! ಕೆಮ್ಮಿದ್ದು ನಾನು, ಕರಿಬಸಮ್ಮ!"

ರಸ್ತೆಯಾಚೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಅವರಲ್ಲಿ ಶಿವನಿಯವರೂ ಇರಬಹುದಿತ್ತು. ಇರಲಿ ಎಂದು ಅವಳು ಮತ್ತೆ ಮೊದಲಿನಿಂದ ಶುರು ಮಾಡಿದಳು.